ಮೂರು ಬೆರಳು, ನಾಲ್ಕು ಬೆರಳು

ಬೆಳಗ್ಗೆಯಿಂದ ಆ ಒಂದೇ ಒಂದು ಅಂಕಿ ಅವಳ ಜೀವ ತಿನ್ನುತ್ತಿತ್ತು. 3.1ರ ಕೆಳಗೆ 3.2 ಬರಬೇಕು, ನ್ಯಾಯವಾಗಿ. ಎಂಟರ್ ಒತ್ತಿದರೆ 1 ಬಂದು ಕೂರುತ್ತಿತ್ತು. ಟ್ಯಾಬ್ ಒತ್ತಿ ಒಳಗೆ ತಳ್ಳಿದರೆ 3.1.1. ಬ್ಯಾಕ್‌ಸ್ಪೇಸ್ ಒತ್ತಿದರೆ ಅಂಕಿಯೇ ಮಾಯ. ರದ್ದು ಮಾಡಿ ಮೊದಲಿನಿಂದ ಹೊಡೆದರೆ ಮತ್ತೆ ಅದೇ 1, ಏನೂ ಗೊತ್ತಿಲ್ಲದ ಮಳ್ಳಿಯ ಹಾಗೆ. ಅವಳ ತಲೆ ಕೆಟ್ಟು ಕೆರ ಹಿಡಿದಿತ್ತು.

ದೊಡ್ಡ ಆಸ್ಪತ್ರೆಯೊಂದರ ಬಟ್ಟೆ ಒಗೆಯುವ ವಿಭಾಗದಲ್ಲಿ ಅವಳು ಟೈಪಿಸ್ಟ್. ಮೇಲಿನ ಮಹಡಿಯಲ್ಲಿ ಅವಳ ಮೇಜು. ಸರಿಯಾಗಿ ಅದರ ಕೆಳಗೆ, ನೆಲಮಹಡಿಯಲ್ಲಿ, ಬಟ್ಟೆ ಒಗೆಯುವ, ಒಂದು ಕೋಣೆಯಷ್ಟು ದೊಡ್ಡ ಡ್ರಮ್ಮು. ಆ ಡ್ರಮ್ಮಿನ ಹತ್ತಿರ ಮೂವತ್ತೊಂದು ವರ್ಷದಿಂದ ದುಡಿಯುತ್ತಿರುವವನು ಅವಳ ಅಪ್ಪ. ಕೆಳಗಿನವರು ಅವಳನ್ನು ‘ಕಾಗದದಮ್ಮ’ ಎಂದು ಛೇಡಿಸುತ್ತಿದ್ದರು. ಡ್ರಮ್ಮಿಗೆ ಬಟ್ಟೆ ಸಿಕ್ಕಿಕೊಂಡಾಗ ಏನೇನು ಮಾಡಬೇಕು ಎಂಬ ಹಾಳೆ ಗೋಡೆಯ ಮೇಲೆ ಅಕ್ಷರ ಮಾಸಿ ಬೆಳ್ಳಗಾಗಿತ್ತು. ಮಧ್ಯಾಹ್ನ ಎರಡಕ್ಕೆ ತಪಾಸಣೆಯವರು ಬರುವವರಿದ್ದರು. ಹೊಸ ಹಾಳೆ ಅಷ್ಟರೊಳಗೆ ಗೋಡೆಗೆ ಹತ್ತಬೇಕು.

“ಸರ್, ಈ ನಂಬರನ್ನ ನಾನು ಕೈಯಲ್ಲೇ ಹೊಡೆದುಬಿಡ್ಲಾ?” ಎಂದು ಅವಳು ಮ್ಯಾನೇಜರನ್ನು ಕೇಳಿದಳು.

“ಬೇಡಮ್ಮಾ, ಬೇಡ. ಹೆಡ್ ಆಫೀಸಿನ ನಮೂನೆ ಅದು. ನಂಬರು ಅದರಷ್ಟಕ್ಕೆ ಅದೇ ಬರ್ಬೇಕು. ಕೈಯಲ್ಲಿ ಹೊಡೆದ್ರೆ ಸಾಲು ಸೊಟ್ಟಗೆ ಕಾಣುತ್ತೆ.”

ಅದರಷ್ಟಕ್ಕೆ ಅದೇ ಬರಬೇಕಂತೆ! ಬರುವ ಹಾಗಿದ್ದರೆ ಇವಳೇಕೆ ಇಲ್ಲಿ ಕೂತು ಉಗುರು ಕಚ್ಚುತ್ತಿದ್ದಳು? ಎದ್ದಳು, ನೀರು ಕುಡಿದಳು, ಕೂತಳು, ಮತ್ತೆ ಎದ್ದಳು. ಹನ್ನೆರಡೂವರೆಗೆ ರೋಗದ ಬೇರು ಸಿಕ್ಕಿತು. ಎಲ್ಲ ತಂಟೆಯೂ ‘ನೀರು ಪೂರ್ತಿ ಇಳಿಯುವವರೆಗೆ ಕಾಯಿರಿ’ ಎಂಬ ಎರಡನೇ ಸಾಲಿನದು. ಅದೊಂದು ಬೇರೆಯಾಗಿ ನಿಂತರೆ ಲೆಕ್ಕ ತಪ್ಪುತ್ತಿತ್ತು. ಅವಳು ಅದನ್ನು ಎತ್ತಿ ಮೇಲಿನ ಸಾಲಿನ ಬಾಲಕ್ಕೆ ಅಂಟಿಸಿದಳು: ‘3.1 ಯಂತ್ರ ನಿಲ್ಲಿಸಿ, ನೀರು ಪೂರ್ತಿ ಇಳಿಯುವವರೆಗೆ ಕಾಯಿರಿ.’ ಅಷ್ಟೇ. ಕೆಳಗಿನ ಅಂಕಿಗಳೆಲ್ಲ ತೆಪ್ಪಗೆ ಸಾಲಾಗಿ ನಿಂತವು. ಒಂದು ಮಾತೂ ಬಿಟ್ಟಿಲ್ಲ, ಒಂದು ಅಕ್ಷರವೂ ತಪ್ಪಿಲ್ಲ. ಅವಳಿಗೆ ತನ್ನ ಬೆನ್ನನ್ನು ತಾನೇ ತಟ್ಟಿಕೊಳ್ಳಬೇಕೆನಿಸಿತು.

ಹಾಳೆ ಒಯ್ಯಲು ಬಂದವನು, ಕೆಳಗಿನವರೆಲ್ಲ ‘ಕನ್ನಡಕ’ ಎಂದು ಕರೆಯುವವನು. ಅಪ್ಪನ ಹಳೆಯ ಜೊತೆಗಾರ ಹೋದ ವಾರ ನಿವೃತ್ತನಾಗಿದ್ದ. ಅವನ ಜಾಗಕ್ಕೆ, ಗುಂಡಿ ಒತ್ತುವ ಕೆಲಸಕ್ಕೆ, ಬೇರೆ ವಿಭಾಗದಿಂದ ಬಂದವನು ಇವನು.

“ಅಬ್ಬಾ, ಬಂತಲ್ಲ. ಆ ಹಳೇದು ಒಂದಕ್ಷರ ಕಾಣ್ತಿರ್ಲಿಲ್ಲ ಮೇಡಂ. ನಿಮ್ಮಪ್ಪಂಗೆ ಎಲ್ಲಾ ಬಾಯಿಪಾಠ. ನಂಗೆ ಈ ಕಾಗದವೇ ದೇವರು,” ಎಂದು ಕಣ್ಣಿಗೊತ್ತಿಕೊಂಡು ಹೋದ.

ಅವಳು ಊಟದ ಡಬ್ಬಿ ತೆರೆದಳು. ಹಸಿವಿತ್ತು, ಆದರೂ ಮನಸ್ಸು ಒಂದು ಕಡೆ ನಿಲ್ಲುತ್ತಿರಲಿಲ್ಲ. ಏನೋ ಮರೆತ ಹಾಗೆ, ಬಾಗಿಲಿಗೆ ಬೀಗ ಹಾಕಿದೆನೋ ಇಲ್ಲವೋ ಎನ್ನುವ ಹಾಗೆ. ಎರಡು ತುತ್ತು ತಿಂದಿರಬೇಕು, ಕಾಲಡಿಯ ನೆಲದ ನಡುಕ ನಿಂತಿತು. ಡ್ರಮ್ಮು ನಿಂತಿದೆ ಎಂದರೆ ಬಟ್ಟೆ ಸಿಕ್ಕಿಕೊಂಡಿದೆ. ಕೆಳಗೆ ಅಪ್ಪ ಈಗ ಬೆರಳು ತೋರಿಸುತ್ತಾನೆ. ಅಲ್ಲಿ ಪಕ್ಕದ ಒಣಗಿಸುವ ಯಂತ್ರಗಳ ಗದ್ದಲಕ್ಕೆ ಕಿವಿಯಲ್ಲಿ ಕೂಗಿದರೂ ಕೇಳಿಸದು. ಅದಕ್ಕೇ ಅವರೆಲ್ಲ ಅಂಕಿಯಲ್ಲೇ ಮಾತಾಡುವುದು. ಎಡಗೈಯಲ್ಲಿ ಮೂರು ಬೆರಳು, ಅಂದರೆ ಹಾಳೆಯ ಮೂರನೇ ಭಾಗ; ಬಲಗೈಯಲ್ಲಿ ಎಷ್ಟನೇ ಹೆಜ್ಜೆಯೋ ಅಷ್ಟು ಬೆರಳು. ಅಪ್ಪ ತೋರಿಸಿದ್ದನ್ನು ಗುಂಡಿಯ ಹತ್ತಿರದವನು ನೋಡಿಕೊಳ್ಳಬೇಕು. ಮೂರು-ಒಂದು, ಯಂತ್ರ ನಿಂತಿತು. ಮೂರು-ಎರಡು, ನೀರು ಇಳಿಯಲಿ. ಮೂರು-ಮೂರು, ಬಾಗಿಲು ತೆಗೆದೆ. ಮೂರು-ನಾಲ್ಕು, ಕೈ ಒಳಗೆ ಹಾಕುತ್ತಿದ್ದೇನೆ. ಮೂರು-ಐದು, ಡ್ರಮ್ಮನ್ನು ಅರ್ಧ ಸುತ್ತು ತಿರುಗಿಸು.

ಅವಳ ಕಣ್ಣು ಮೇಜಿನ ಮೇಲಿದ್ದ ಕಚೇರಿಯ ಪ್ರತಿಯ ಮೇಲೆ ಬಿತ್ತು. ‘3.4 ಡ್ರಮ್ಮನ್ನು ಅರ್ಧ ಸುತ್ತು ತಿರುಗಿಸಿ.’

ಅವಳು ಧಡಕ್ಕನೆ ಎದ್ದಳು. ಡಬ್ಬಿ ಉರುಳಿದ್ದು ಅವಳಿಗೆ ಗೊತ್ತಾಗಲಿಲ್ಲ. ನೀರು ಇಳಿಯಲು ಮೂರು ನಿಮಿಷ ಬೇಕು. ಎಷ್ಟು ಆಗಲೇ ಕಳೆಯಿತು? ಮೆಟ್ಟಿಲ ಮೇಲೆ ಚಪ್ಪಲಿಯೊಂದು ಕಳಚಿತು, ಬಿಟ್ಟಳು. ದಾರಿಗಡ್ಡ ಬಟ್ಟೆಯ ಗಾಡಿ ನಿಂತಿತ್ತು, ಒದ್ದಳು. “ಏಯ್ ಕಾಗದದಮ್ಮಾ, ಎಲ್ಲಿಗೆ ಈ ಓಟ?” ಎಂದು ಯಾರೋ ನಕ್ಕರು. ಅವಳಿಗೆ ಅಳು ಬರುತ್ತಿತ್ತು, ತನ್ನ ಮೇಲೇ ಕೆಟ್ಟ ಕೋಪ ಬರುತ್ತಿತ್ತು.

ಯಂತ್ರದ ಕೋಣೆಯಲ್ಲಿ ಡ್ರಮ್ಮಿನ ಬಾಗಿಲು ತೆರೆದಿತ್ತು. ಅಪ್ಪ ಅಂಗಿಯ ತೋಳು ಮಡಿಸಿ, ಕನ್ನಡಕದ ಕಡೆ ತಿರುಗಿ ಎಡಗೈಯಲ್ಲಿ ಮೂರು, ಬಲಗೈಯಲ್ಲಿ ನಾಲ್ಕು ಬೆರಳು ತೋರಿಸಿ, ಭುಜದವರೆಗೆ ಕೈಯನ್ನು ಒಳಗೆ ಹಾಕಿದ. ಕನ್ನಡಕ ಗೋಡೆಯ ಹಾಳೆಯ ಮೇಲೆ ಬೆರಳಿಟ್ಟು ಓದಿಕೊಂಡ, ತಲೆಯಾಡಿಸಿದ, ಹಸಿರು ಗುಂಡಿಯ ಕಡೆ ಕೈ ಚಾಚಿದ.

ಅವಳು ಕೂಗಿದಳು; ತನಗೇ ಕೇಳಿಸಲಿಲ್ಲ. ಓಡಿಹೋಗಿ ಅವನಿಗೂ ಗುಂಡಿಗೂ ನಡುವೆ ಮೈಯಿಟ್ಟು, ಅವನ ಮೂಗಿನ ಮುಂದೆ ಎರಡೂ ಕೈ ಎತ್ತಿದಳು. ಎಡಗೈಯಲ್ಲಿ ಮೂರು, ಬಲಗೈಯಲ್ಲಿ ಒಂದು. ನಿಲ್ಲಿಸು. ಹಳೆಯ ಹಾಳೆಯಲ್ಲೂ ಹೊಸದರಲ್ಲೂ ಬದಲಾಗದೆ ಉಳಿದಿದ್ದ ಅಂಕಿ ಅದೊಂದೇ.

ಕನ್ನಡಕ ಕೈ ಹಿಂದಕ್ಕೆಳೆದುಕೊಂಡ.

ಅಪ್ಪ ಒದ್ದೆ ಚಾದರವೊಂದನ್ನು ಎಳೆದು ಹಾಕಿ, ಮಗಳ ಮುಖ ನೋಡಿ ಗಾಬರಿಯಾದ. ಒಂದೇ ಕಾಲಲ್ಲಿ ಚಪ್ಪಲಿ, ಕೆನ್ನೆಯೆಲ್ಲ ಕಣ್ಣೀರು. ತೋಳು ಹಿಡಿದು ಹೊರಗಿನ ಜಗಲಿಗೆ ಕರೆತಂದ.

“ಏನಾಯ್ತೇ? ಯಾರಿಗೆ ಏನಾಯ್ತು?”

“ಅಪ್ಪಾ, ಆ ಹೊಸ ಹಾಳೇನ ನೀನು ನೋಡ್ಲೇ ಇಲ್ವಾ?”

“ನೀನು ಮಾಡಿದ್ದಲ್ವಾ ಅದು?” ಅಪ್ಪ ಒದ್ದೆ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡ. “ನೀನು ಮಾಡಿದ್ದನ್ನ ನಾನೇನು ನೋಡೋದು?”

ಅವಳು ಆ ಕೈಯನ್ನು ತನ್ನ ಎರಡು ಕೈಯಲ್ಲೂ ಹಿಡಿದುಕೊಂಡಳು. ಐದೂ ಬೆರಳು ಇದ್ದವು. ಆದರೂ ಒಂದೊಂದಾಗಿ ಮುಟ್ಟಿ ನೋಡಿದಳು. ಆಮೇಲೆ ಗೋಡೆಯ ಹಾಳೆ ಕಿತ್ತುಕೊಂಡು, ಅಪ್ಪನನ್ನೂ ಮೇಲಕ್ಕೆ ಕರೆದುಕೊಂಡು ಹೋಗಿ ತನ್ನ ಪಕ್ಕದ ಕುರ್ಚಿಯಲ್ಲಿ ಕೂರಿಸಿದಳು. ತಾವಾಗಿಯೇ ಬರುವ ಅಂಕಿಗಳನ್ನೆಲ್ಲ ತೆಗೆದು, ನೀರಿನ ಸಾಲನ್ನು ಮತ್ತೆ ಬೇರೆ ಮಾಡಿ, ಮೂರು, ಚುಕ್ಕಿ, ಎರಡು ಎಂದು ಒಂದೊಂದನ್ನೂ ಕೈಯಲ್ಲೇ ಹೊಡೆದಳು.

“ಸಾಲು ಸೊಟ್ಟಗಿದೆಯಲ್ಲಮ್ಮಾ, ತಪಾಸಣೆಯವರು ಬಂದೇಬಿಟ್ರು,” ಎಂದರು ಮ್ಯಾನೇಜರು, ಹೆಗಲ ಮೇಲಿಂದ ಬಗ್ಗಿ.

“ಇರ್ಲಿ ಸರ್, ಕಾಯ್ಲಿ,” ಎಂದಳು ಅವಳು. “ಅಪ್ಪಾ, ಇನ್ನೊಂದ್ಸಲ ಓದು. ಮೊದಲಿಂದ.”