ಚರಂಡಿ ಮರದ ಕಾವು

ಸುತ್ತಿಗೆಗೆ ಮರದ ಕಾವು ಮಾಡುವ ಕಾರ್ಖಾನೆ ನಮ್ಮ ಮಾವನವರದು. ಅವರಿಗೆ ಕಾವು ಅಂದರೆ ಹಳೇ ಕೆಂಪು ಮರದ್ದೇ ಆಗಬೇಕು. ಆ ಮರವೋ, ಈಗ ದುರ್ಬೀನು ಹಾಕಿ ಹುಡುಕಿದರೂ ಸಿಗುವುದಿಲ್ಲ. ಸಿಕ್ಕಿದ್ದೆಲ್ಲ ಎಳಸು, ನಾಲ್ಕು ಪೆಟ್ಟಿಗೆ ಟಪ್ಪನೆ ಮುರಿಯುತ್ತಿತ್ತು. ಗಂಡ ತೀರಿಕೊಂಡ ಮೇಲೆ, ಅವರು ಕಾವು ಕಡೆಯುತ್ತಿದ್ದ ಲೇತ್ ಮುಂದೆ ನಿಂತವಳು ನಾನು. ಕಾರ್ಖಾನೆ ಮುಚ್ಚಿದರೆ ಮೊದಲು ಬೀದಿಗೆ ಬೀಳುವವಳೂ ನಾನೇ.

ಅದಕ್ಕೇ ಚರಂಡಿ ಪಕ್ಕ ತಾನಾಗಿ ಬೆಳೆದು, ಸೌದೆಗೂ ಬೇಡವೆನಿಸಿಕೊಂಡ ಬಿಳಿ ಮರದ ತುಂಡುಗಳನ್ನು, ಜೊತೆಗೆ ಕೆಂಪು ಮರದ ಒಂದು ತುಂಡನ್ನೂ ಮರ ಪರೀಕ್ಷಿಸುವ ಪ್ರಯೋಗಾಲಯಕ್ಕೆ ಹೊತ್ತುಕೊಂಡು ಹೋದೆ. ಅಲ್ಲಿ ಮೆಷಿನ್ನಿಗೆ ಕೊಟ್ಟು ಬಗ್ಗಿಸಿದರು, ಮೇಲಿನಿಂದ ಭಾರ ಬೀಳಿಸಿದರು. ಕೆಂಪು ಮರ ಎರಡು ತುಂಡಾಯಿತು. ಚರಂಡಿ ಮರ ಬಾಗಿತು, ನಾರು ಬಿಟ್ಟಿತು, ಆದರೆ ಮುರಿಯಲಿಲ್ಲ. ಪೆಟ್ಟು ತಡೆಯುವುದರಲ್ಲಿ ಕೆಂಪಿಗಿಂತ ಒಂದೂವರೆ ಪಟ್ಟು ಗಟ್ಟಿ ಅಂದರು.

ಮಾವ ನಕ್ಕರು. ನಾನು ಬಿಡಲಿಲ್ಲ. ಕೊನೆಗೆ, "ವ್ಯಾಪಾರಿ ನಿನ್ನ ಮರಾನ ಒಪ್ಪಿದ್ರೆ ಕಾರ್ಖಾನೆ ನಿನ್ನ ಕೈಗೆ ಕೊಡ್ತೀನಿ. ಇಲ್ಲಾಂದ್ರೆ ನಿನ್ನ ಮೈದುನ ನೋಡ್ಕೋತಾನೆ," ಎಂದರು. ಮೈದುನನೋ, ಕಾವಿನ ಯಾವ ತುದಿಗೆ ಸುತ್ತಿಗೆ ಕೂರುತ್ತದೆ ಅಂತಲೂ ಗೊತ್ತಿಲ್ಲದ ಮಹಾನುಭಾವ.

ಕಲ್ಲು ಕ್ವಾರಿಗಳಿಗೆ ಸುತ್ತಿಗೆ ಮಾರುವ ವ್ಯಾಪಾರಿ ನನ್ನ ಬಿಳಿ ಕಾವನ್ನು ಎರಡು ಬೆರಳಲ್ಲಿ ಎತ್ತಿ, ರೋಗ ಬಡಿದ ಮರ ಎಂದು ಪಕ್ಕಕ್ಕಿಟ್ಟ. ಹೊಡೆದು ನೋಡಿ ಎಂದರೂ ಕೇಳಲಿಲ್ಲ. ಅವನು ಹೋದ ಮೇಲೆ ಮಾವ ಕೆಂಪು ಬಣ್ಣ ಕಲಸಿದರು. ನನ್ನ ಕಾವುಗಳನ್ನೆಲ್ಲ ಅದರಲ್ಲಿ ಅದ್ದಿ, ಒಣಗಿಸಿ, ಹಳೇ ಮರ ಅಂತಲೇ ಅವನಿಗೆ ಕಳಿಸಿದರು. ನನಗೆ ಮೈಯೆಲ್ಲ ಉರಿಯಿತು. ಇರಲಿ, ಕ್ವಾರಿಯಲ್ಲಿ ಮರವೇ ಮಾತಾಡುತ್ತದೆ ಅಂದುಕೊಂಡು ಸುಮ್ಮನಾದೆ.

ಮಾತಾಡಿತು. ಕೆಲವು ತಿಂಗಳಲ್ಲೇ ವ್ಯಾಪಾರಿ ಹಲ್ಲು ಕಿರಿಯುತ್ತ ಬಂದ. ಇಂಥ ಕಾವು ಅವನ ಜನ್ಮದಲ್ಲೇ ನೋಡಿಲ್ಲವಂತೆ, ಒಂದೂ ಮುರಿದಿಲ್ಲವಂತೆ, ಇನ್ನೂ ರಾಶಿ ಬೇಕಂತೆ. ನನ್ನ ಕಡೆ ತಿರುಗಿ, "ನೋಡಮ್ಮ, ಹಳೇದು ಯಾವತ್ತಿದ್ರೂ ಹಳೇದೇ. ಆ ಬಿಳಿ ಕಸಾನ ಇನ್ಯಾರಿಗೂ ತೋರಿಸ್ಬೇಡ," ಎಂದು ಬುದ್ಧಿ ಬೇರೆ ಹೇಳಿದ. ನಾನು ಬಾಯಿ ತೆರೆದೆ. ಕೊಡಲಿ ಕಾವು ಕುಲಕ್ಕೆ ಮೃತ್ಯು ಅಂತ ಗೊಣಗಿ ಮಾವ ನನ್ನನ್ನೇ ನೋಡಿದರು. ನಿಜ ಹೇಳಿದರೆ ವ್ಯಾಪಾರವೂ ಹೋಯಿತು, ಮನೆಯವರೆಲ್ಲರ ಅನ್ನವೂ ಹೋಯಿತು. ಬಾಯಿ ಮುಚ್ಚಿಕೊಂಡೆ.

ಅವನು ಹೊರಟ ಮೇಲೆ, ಈಗಲಾದರೂ ಕೊಟ್ಟ ಮಾತು ಉಳಿಸಿಕೊಳ್ಳಿ ಎಂದು ಮಾವನನ್ನು ಕೇಳಿದೆ.

"ಅವನು ಒಪ್ಪಿದ್ದು ಕೆಂಪು ಮರಾನ," ಎಂದರು ಅವರು. "ನಿನ್ನ ಮರಾನ ಯಾರಮ್ಮ ಒಪ್ಪಿದ್ರು?"

ಕಾರ್ಖಾನೆಯ ಬೀಗದ ಕೈ ಮೈದುನನ ಜೇಬಿಗೆ ಹೋಯಿತು. ಮರುದಿನ ಬೆಳಿಗ್ಗೆ ಅವನ ಮೊದಲ ಅಪ್ಪಣೆ ನನಗೇ. ಅತ್ತಿಗೆ, ಬಣ್ಣ ಸ್ವಲ್ಪ ಗಟ್ಟಿಯಾಗಿ ಕಲಸಿ ಎಂದ. ಹಾಳು ಹೊಟ್ಟೆ ಕೇಳಬೇಕಲ್ಲ, ಕಲಸಿದೆ.