ಮಸ್ಕಿಯವರೆಗೆ ಹಿಡಿದ ಸೀಟು

ಕಿಟಕಿಯಿಂದ ತೂರಿ ಬಂದ ಟವೆಲ್ಲು ಸೀಟಿನ ಮೇಲೆ ಬಿತ್ತು, ನಾನು ಎಸೆದದ್ದಲ್ಲ, ಎಸೆದವನು ಕನಕರಾಯ, ನನ್ನ ಮಗ — ಎರಡು ವರ್ಷದಿಂದ ಉಣ್ಣು ಎಂದರೆ ಉಂಡು ಮಲಗು ಎಂದರೆ ಮಲಗಿದವನು, ಇವತ್ತು ಸಿಂಧನೂರು ಬಸ್‌ಸ್ಟ್ಯಾಂಡಿನಲ್ಲಿ ಬಸ್ಸು ನಿಲ್ಲುವ ಮೊದಲೇ ಓಡಿ ಕಿಟಕಿಗೆ ಕೈ ಹಾಕಿದ, ಇಬ್ಬರು ಕೂರುವ ಸೀಟು, ಒಂದು ತನಗೆ, ಇನ್ನೊಂದು ಮಸ್ಕಿಯಲ್ಲಿ ಹತ್ತುವ ಹುಸೇನ್‌ಸಾಬನಿಗೆ. ನನಗೆ ಅವರ ಹಿಂದಿನದು. ಡೀಸೆಲ್ಲು, ಬೆವರು, ಯಾರದೋ ಬುಟ್ಟಿಯ ಹಸಿಮೆಣಸಿನಕಾಯಿ, ನನ್ನ ಅಂಗಿಯಿಂದ ನನಗೇ ಬರುವ ತೌಡಿನ ವಾಸನೆ — ಒಗೆದರೂ ಹೋಗುವುದಿಲ್ಲ, ರೈಸ್‌ಮಿಲ್ಲಿನ ಹಮಾಲಿಗೆ ಅದೇ ಎರಡನೇ ಚರ್ಮ — ಬಲಭುಜ ಹಿಡಿದುಕೊಂಡಿದೆ, ಕಿಟಕಿಗೆ ಒರಗಿದರೆ ಬಸ್ಸಿನ ಅದುರೆಲ್ಲ ಭುಜದೊಳಗೆ ಇಳಿಯುತ್ತದೆ, ಇಷ್ಟು ಹೊತ್ತಿಗೆ ಮಿಲ್ಲಿಗೆ ಲಾರಿ ಬಂದಿರಬೇಕು, ತಾಯಪ್ಪ ಎಲ್ಲಿ ಎಂದು ಸಾಹುಕಾರ ನನ್ನನ್ನು ಕೂಗಿರಬೇಕು, ಕೂಗಲಿ, ಲಿಂಗಸುಗೂರು ದವಾಖಾನೆಗೆ ತಲೆಯ ಡಾಕ್ಟರು ಬರುವುದು ತಿಂಗಳಿಗೊಮ್ಮೆ, ಇವತ್ತು ತಪ್ಪಿದರೆ ಮುಂದಿನ ತಿಂಗಳವರೆಗೆ ಗುಳಿಗೆಯಿಲ್ಲ.

ಏ ತಮ್ಮಾ, ಆ ಟವೆಲ್ಲ ಟಿಕೀಟ ತಗೊಂಡೈತೇನು, ತಗಿ ಅತ್ಲಾಗ, ಕುಂದ್ರತೀನಿ, ಎನ್ನುತ್ತಿದ್ದಾಳೆ ಮೆಣಸಿನಕಾಯಿ ಬುಟ್ಟಿಯವಳು, ಬಳಗಾನೂರಿನವಳಂತೆ, ಮುದುಕಮ್ಮ ಎಂದು ಜೊತೆಯವಳು ಕರೆದಳು. ಮಸ್ಕ್ಯಾಗ ಒಬ್ಬ ಹತ್ತತಾನ, ಎಂದ ಕನಕ. ಯಾರಪಾ ಅವ, ಮದಿಮಗನೇನು — ಸುತ್ತ ನಿಂತವರು ನಕ್ಕರು, ಕನಕ ಟವೆಲ್ಲಿನ ಮೇಲಿನ ಕೈ ತೆಗೆಯಲಿಲ್ಲ, ಕೈ ನಡುಗುತ್ತಿತ್ತು, ಆದರೂ ತೆಗೆಯಲಿಲ್ಲ. ನಾನು ಅವಳಿಗೆ ಮಾತ್ರ ಕಾಣುವ ಹಾಗೆ ಹಣೆಯ ಪಕ್ಕ ಬೆರಳಿಟ್ಟು ತಿರುಗಿಸಿದೆ, ರೂಢಿಯಾಗಿದೆ, ಕಿರಾಣಿ ಅಂಗಡಿಯಲ್ಲಿ, ಕ್ಷೌರದವನ ಮುಂದೆ, ಬೀಗರ ಮನೆಯಲ್ಲಿ, ಒಂದು ಬೆರಳು ತಿರುಗಿಸಿದರೆ ನೂರು ಮಾತು ಹೇಳುವುದು ಉಳಿಯುತ್ತದೆ. ಮುದುಕಮ್ಮನ ಮುಖ ಸಡಿಲಾಯಿತು, ಅಯ್ಯ ಪಾಪ, ಎಂದು ಬುಟ್ಟಿಯನ್ನು ಕಾಲ ಹತ್ತಿರ ಎಳೆದುಕೊಂಡು ಕಂಬಿ ಹಿಡಿದು ನಿಂತಳು. ಪಾಪ ಎಂದದ್ದು ಕನಕನಿಗೆ ಕೇಳಿಸಿತು. ಹಿಂದೆ ತಿರುಗಲಿಲ್ಲ.

ಗದ್ದೆ, ನೀರು, ಮತ್ತೆ ಗದ್ದೆ, ಬಗ್ಗಿದ ಹೆಂಗಸರು, ಕಾಲುವೆ ದಂಡೆಯ ಮೇಲೆ ಟ್ರ್ಯಾಕ್ಟರು — ಆ ಹುಸೇನ್‌ಸಾಬ ಮಸ್ಕಿಯಲ್ಲಿ ಸೈಕಲ್‌ಶಾಪ್ ಇಟ್ಟವನು, ಕನಕನಿಗಿಂತ ನಾಲ್ಕೈದು ವರ್ಷ ದೊಡ್ಡವನು, ಅವನಿಗೂ ಇದೇ ಕಾಯಿಲೆ ಬಂದು ಗುಳಿಗೆಯಿಂದ ಹತೋಟಿಗೆ ಬಂದಿತ್ತು. ದವಾಖಾನೆಯ ಸಿಸ್ಟರಮ್ಮನದು ಒಂದು ಏರ್ಪಾಡು, ಆರಾಮಾದ ಹುಡುಗರನ್ನು ಹೊಸ ಹುಡುಗರ ಪಕ್ಕ ಕೂಡಿಸುವುದು, ಬೇವಿನ ಮರದ ಕೆಳಗೆ, ಡಾಕ್ಟರು ಕರೆಯುವ ತನಕ. ಪಂಕ್ಚರ್ ಹಚ್ಚಾವ ಏನ್ ಹೇಳತಾನ್ರೀ, ಎಂದು ನಾನು ಕೇಳಿದ್ದೆ. ಅವಗ ಆಗಿ ಹೋಗೇತಿ ಯಜಮಾನ್ರ, ನನಗ ಆಗಿಲ್ಲ, ನಿಮಗೂ ಆಗಿಲ್ಲ, ಎಂದಳು ಸಿಸ್ಟರಮ್ಮ. ಮೊದಮೊದಲು ಹುಸೇನ್‌ಸಾಬ ಕಡಲೆ ಸುಲಿದು ಅರ್ಧ ಕನಕನ ಕೈಗೆ ಹಾಕುತ್ತಿದ್ದ, ಅಷ್ಟೇ. ಆಮೇಲೆ ಒಂದು ದಿನ ಕನಕನೇ ಕೇಳಿದ, ನಿನಗೂ ದನಿ ಕೇಳತಿದ್ವೇನು — ಕೇಳತಿದ್ವಲೇ, ನಮ್ಮ ಸತ್ತ ಚಾಚಾನ ದನಿ, ಬರೇ ಬೈಗುಳ, ನನಗ ಉರ್ದುದಾಗ ಬೈತಿತ್ತು, ನಿನಗ? — ಕನ್ನಡದಾಗ. — ಹಂಗಾರ ಬ್ಯಾರೆ ಬ್ಯಾರೆ ಮಂದಿ ಬಿಡು, ಎಂದ ಹುಸೇನ್‌ಸಾಬ, ಇಬ್ಬರೂ ನಕ್ಕರು, ಕನಕ ನಗುವಾಗ ಹಲ್ಲು ಹೀಗೆ ಕಾಣುತ್ತವೆ ಎಂಬುದು ನನಗೆ ಮರೆತೇ ಹೋಗಿತ್ತು, ನಾನು ಎದ್ದು ನೀರು ಕುಡಿಯಲು ಹೋದೆ, ನೀರಡಿಕೆ ಇರಲಿಲ್ಲ. ಕೈ ನಡಗತಾವು, ಬಾಯಿ ಒಣಗತೈತಿ, ಅದು ಗುಳಿಗಿದಲೇ, ನಿಂದಲ್ಲ, ಡಾಕ್ಟರಿಗೆ ಹೇಳು, ಸರಿ ಮಾಡ್ತಾರ, ಬಿಡಬ್ಯಾಡ ಮತ್ತ, ಎಂದ ಹುಸೇನ್‌ಸಾಬ — ಅಲ್ಲಿಯವರೆಗೆ ಕನಕ ಗುಳಿಗೆಯನ್ನು ದನ ಮೇವು ತಿನ್ನುವ ಗ್ವಾದಲಿಯಲ್ಲಿ ಉಗುಳುತ್ತಿದ್ದ, ಅವತ್ತಿನಿಂದ ನುಂಗಿದ. ನಾನು ಹೊಡೆದು ಹೇಳಿದ್ದೆ, ಅತ್ತು ಹೇಳಿದ್ದೆ.

ಮಸ್ಕಿ. ಹುಸೇನ್‌ಸಾಬ ಇಲ್ಲ. ಕನಕ ಕಿಟಕಿಯಿಂದ ಅರ್ಧ ಮೈ ಹೊರಗೆ ಹಾಕಿ ನೋಡುತ್ತಿದ್ದಾನೆ, ರಸ್ತೆಯಾಚೆ ಸೈಕಲ್‌ಶಾಪು ಮುಚ್ಚಿದೆ, ಅದರ ಮಗ್ಗುಲಿಗೆ ಹುಸೇನ್‌ಸಾಬನ ಮನೆಬಾಗಿಲೂ ಮುಚ್ಚಿದೆ, ಅವನ ಅಣ್ಣ ಉಸ್ಮಾನ್‌ಸಾಬ್ ಬಸ್ಸಿನ ಹತ್ತಿರ ಬಂದು ಕಿಟಕಿಗೆ ಕೈಯಿಟ್ಟ, ಹುಸೇನ ಬರಂಗಿಲ್ಲ ಕಾಕಾ, ಗುಳಿಗಿ ಬಿಟ್ಟಾನ, ಶಾದಿ ಗೊತ್ತಾಗೇತಲ್ಲ, ಹೆಣ್ಣಿನವರು ಗುಳಿಗಿ ನೋಡಿದ್ರ ಏನಂದಾರು ಅಂತ ಎಲ್ಲಾ ಚರಂಡಿಗೆ ಚೆಲ್ಲಿದ, ಈಗ ಒಳಗ ಅಗಳಿ ಹಾಕ್ಕೊಂಡು ಕುಂತಾನ, ಅವ್ವ ಕರದ್ರೂ ಓ ಅನ್ನಂಗಿಲ್ಲ. ಬಿಡಬ್ಯಾಡ ಎಂದು ಹೇಳಿದವನೇ ಬಿಟ್ಟ, ಹಾಗಾದರೆ ಮುಗಿಯಿತು, ಅವನೇ ಬಿದ್ದ ಮೇಲೆ ಇವನು ಎಷ್ಟು ದಿನ ನಿಂತಾನು, ಒಟ್ಟಿದ ಮೂಟೆಗಳಲ್ಲಿ ಕೆಳಗಿನದೊಂದು ಜಾರಿದರೆ ಮೇಲಿನದನ್ನು ಹಿಡಿಯುವುದು ಯಾರಿಂದಲೂ ಆಗುವುದಿಲ್ಲ, ಇವನ ಕಿವಿಗೆ ಇದು ಬೀಳಬಾರದಿತ್ತು, ಬಿದ್ದಿದೆ, ಕನಕ ಎದ್ದು ನಿಂತಿದ್ದಾನೆ. ಅಪ್ಪಾ, ನೀ ಹೋಗು, ಇಬ್ಬರ ಗುಳಿಗೀನೂ ತಗೊಂಡು ಬಾ. — ನೀ ಎಲ್ಲಿಗೆಲೇ. — ಅವನ ಬಾಗಿಲಿಗೆ. — ಹೆತ್ತವ್ವ ಕರದ್ರೂ ತೆಗದಿಲ್ಲಂತ, ನೀ ಹೋಗಿ ಏನ್ ಮಾಡ್ತಿ. — ಸುಮ್ಮನ ಕುಂದ್ರತೀನಿ. ಎರಡು ವರ್ಷದಲ್ಲಿ ಅವನನ್ನು ಒಂಟಿಯಾಗಿ ಬಾವಿಯ ಕಡೆಗೂ ಬಿಟ್ಟಿಲ್ಲ, ಅಂಗಿ ಹಿಡಿಯಲು ಕೈ ಚಾಚಿದೆ, ಬಟ್ಟೆಯ ತುದಿ ಬೆರಳಿಗೆ ತಾಕಿತು, ಹಿಡಿಯಲಿಲ್ಲ, ಕನಕ ಇಳಿದ. ಮುದುಕಮ್ಮ ಟವೆಲ್ಲನ್ನು ಮಡಿಚಿ ನನ್ನ ತೊಡೆಯ ಮೇಲಿಟ್ಟು ಕೂತಳು. ಲಿಂಗಸುಗೂರಿನ ಟಿಕೀಟ ಇಟಗೊಂಡು ಇಲ್ಲಿ ಯಾಕ ಇಳದನ್ರೀ ಅವ, ಎಂದು ಕಂಡಕ್ಟರ್ ಕೇಳಿದ, ಎಲ್ಲರೂ ನನ್ನ ಮುಖ ನೋಡಿದರು. ದೋಸ್ತಗ ಆರಾಮಿಲ್ಲರೀ, ಮಾತಾಡಸಾಕ ಹೋಗ್ಯಾನ, ಎಂದೆ.

ಬಸ್ಸು ಅಲುಗಿತು, ರಸ್ತೆಯಾಚೆ ಕನಕ ಆ ಬಾಗಿಲನ್ನು ಬಡಿಯಲಿಲ್ಲ, ಕರೆಯಲೂ ಇಲ್ಲ, ಹೊಸ್ತಿಲ ಮೇಲೆ ಕೂತು ಮುಚ್ಚಿದ ಬಾಗಿಲಿಗೆ ಬೆನ್ನು ಕೊಟ್ಟ, ಮುಖ ಬೀದಿಗೆ, ಕಣ್ಣು ಬೀದಿಯಲ್ಲಿಲ್ಲ, ಬಸ್ಸು ತಿರುಗುವಾಗ ಕಂಡಿತು, ಅವನ ತುಟಿ ಆಡುತ್ತಿದ್ದವು — ಗೋಡೆಯ ಮುಂದೆ, ಗ್ವಾದಲಿಯ ಮುಂದೆ ಎಷ್ಟೋ ದಿನ ಹಾಗೇ ಆಡುತ್ತಿದ್ದವು, ಇವು ಆ ತುಟಿಗಳೋ, ಇಲ್ಲ ಬಾಗಿಲ ಹಲಗೆಯಾಚೆ ಕೂತವನಿಗೆ ಏನೋ ಹೇಳುತ್ತಿರುವ ತುಟಿಗಳೋ — ಹುಡುಗನನ್ನು ನೋಡದೆ ಗುಳಿಗೆ ಕೊಡುವುದಿಲ್ಲ ಎಂದು ಡಾಕ್ಟರು ಅಂದರೆ ಸಿಸ್ಟರಮ್ಮನ ಕೈ ಹಿಡಿಯಬೇಕು, ಹೇಳಬೇಕು, ಏನೆಂದು, ತುಟಿ ಆಡುತ್ತಿದ್ದವು — ಮಸ್ಕಿಯ ಗುಡ್ಡ ಹಿಂದೆ ಸರಿಯಿತು, ಎಲ್ಲಿಗ್ರೀ ಯಜಮಾನ್ರ, ಮುದುಕಮ್ಮ ಏನೋ ಕೇಳುತ್ತಿದ್ದಾಳೆ, ದವಾಖಾನೆಗೆ, ಎಂದೆ, ಅಂದೆನೋ ಇಲ್ಲವೋ — ಮುಚ್ಚಿದ ಬಾಗಿಲು, ಬಾಗಿಲಿಗೆ ಕೊಟ್ಟ ಬೆನ್ನು, ಆಡುತ್ತಿರುವ ತುಟಿ — ಬಾಗಿಲು, ಬೆನ್ನು, ತುಟಿ