ಮೊದಲ ಚೊಂಬು

ಬೆಳಿಗ್ಗೆ ಸ್ನಾನ ಮಾಡಿ ಮಡಿಯುಟ್ಟು ಕನಕಲಕ್ಷ್ಮಿ ಬರುವ ತನಕ ಆ ಮನೆಯ ಅಡುಗೆಮನೆ ನಲ್ಲಿಯನ್ನು ಬೇರೆ ಯಾರೂ ಮುಟ್ಟುವ ಹಾಗಿರಲಿಲ್ಲ. ಮೊದಲು ಬಂದ ನೀರು ಬೆಳ್ಳಿ ಚೊಂಬಿನಲ್ಲಿ ದೇವರ ಮುಂದೆ ಹೋಗುತ್ತಿತ್ತು. ಪೂಜೆ ಮುಗಿದ ಮೇಲೆ ಅಷ್ಟೂ ನೀರು ಆರು ವರ್ಷದ ಮೊಮ್ಮಗಳು ಮಹತಿಗೆ. ನಿವೃತ್ತ ಮೇಷ್ಟ್ರಾದ ಗಂಡ ದಕ್ಷಿಣಾಮೂರ್ತಿ, ಮಗ, ಸೊಸೆ ಶ್ರೀವಲ್ಲಿ ಇವರಿಗೆಲ್ಲ ಕೊಳಗ, ಬಿಂದಿಗೆ ತುಂಬಿದ ಮೇಲೆ ಬಂದ ನೀರು. ಕನಕಲಕ್ಷ್ಮಿಯ ಅತ್ತೆಯ ಕಾಲದಲ್ಲಿ ದೇವರ ಮುಂದಿನ ಆ ನೀರು ತುಳಸಿಗೆ ಹೋಗುತ್ತಿತ್ತು. ಅದನ್ನು ಮಗುವಿಗೆ ತಿರುಗಿಸಿದವಳು ಈಕೆಯೇ. ಅಷ್ಟು ಪ್ರಾಣ ಆಕೆಗೆ ಮಹತಿಯೆಂದರೆ.

ಮೂರನೇ ವರ್ಷಕ್ಕೆ ಅರಳು ಹುರಿದ ಹಾಗೆ ಮಾತಾಡುತ್ತಿದ್ದ ಹುಡುಗಿ ಈಗ ನಿನ್ನೆ ಕಲಿತ ಅಕ್ಷರವನ್ನು ಇವತ್ತು ಮರೆಯುತ್ತಿದ್ದಳು. ಹೊಟ್ಟೆ ಹಿಡಿದುಕೊಂಡು ಮೂಲೆಯಲ್ಲಿ ಕೂರುತ್ತಿದ್ದಳು. ಕನಕಲಕ್ಷ್ಮಿಗೆ ಕಾರಣ ಹುಡುಕುವುದು ಕಷ್ಟವಾಗಲಿಲ್ಲ. ಸೊಸೆಯ ತೌರಿನಲ್ಲಿ ಯಾರೂ ಎಸ್ಸೆಸ್ಸೆಲ್ಸಿ ದಾಟಿದವರಲ್ಲ, ಮಗು ಅವರನ್ನೇ ಹೋತಿದೆ ಎಂದು ಬಂದವರ ಮುಂದೆಲ್ಲ ಹೇಳಿದಳು. ಶ್ರೀವಲ್ಲಿ ಅದನ್ನೂ ನುಂಗಿಕೊಂಡಳು. ಆದರೆ ಒಂದು ದಿನ, ಈ ನೀರು ಮಗುವಿಗೆ ಒಗ್ಗುತ್ತಿಲ್ಲವೇನೋ, ಬೇಡ ಎಂದು ಅಂಗಡಿಯಿಂದ ಕ್ಯಾನ್ ನೀರು ತರಿಸಿದಳು. ಕಂಡಕಂಡವರು ಮುಟ್ಟಿದ ನೀರೆಂದು ಅತ್ತೆ ಅದನ್ನು ಕರಿಬೇವಿನ ಗಿಡಕ್ಕೆ ಸುರಿದಳು. ಅವತ್ತಿನಿಂದ ಮೊದಲ ಚೊಂಬನ್ನು ಜೀರಿಗೆ ಹಾಕಿ ಕಾಯಿಸಿ ಕುಡಿಸತೊಡಗಿದಳು. ಹೊಟ್ಟೆನೋವು ಮಾತ್ರ ಜಗ್ಗಲಿಲ್ಲ.

ಕೊನೆಗೆ ಬೆಂಗಳೂರಿನ ಡಾಕ್ಟರೊಬ್ಬರು ರಕ್ತ ಪರೀಕ್ಷೆ ಮಾಡಿಸಿದರು. ರಕ್ತದಲ್ಲಿ ಸೀಸ ಸೇರಿತ್ತು. ಮನೆಯ ಪೈಪು ಯಾವುದೆಂದು ನೋಡಿಸಿ ಎಂದು ಕಳಿಸಿದರು.

ಪ್ಲಂಬರ್ ಮುರಳಿಮೋಹನ್ ಬಂದು ತಾರಸಿ ಮೇಲಿನ ತೊಟ್ಟಿಯಿಂದ ಅಡುಗೆಮನೆಗೆ ಇಳಿದಿದ್ದ ಬೂದು ಬಣ್ಣದ ಪೈಪಿಗೆ ಅಯಸ್ಕಾಂತ ಹಿಡಿದ. ಅಂಟಲಿಲ್ಲ. ಜೇಬಿನಿಂದ ನಾಣ್ಯ ತೆಗೆದು ಮೆತ್ತಗೆ ಕೆರೆದ. ಕೆರೆದ ಜಾಗ ಬೆಳ್ಳಿಯ ಹಾಗೆ ಹೊಳೆಯಿತು.

"ಸೀಸಾನೇ ಅಮ್ಮಾ. ಇಂಥದ್ದು ಈಗೆಲ್ಲೂ ಸಿಗಲ್ಲ," ಎಂದ.

ಸಿಗದೇ ಇರುವಂಥದ್ದೇ. ಕನಕಲಕ್ಷ್ಮಿಯ ಮಾವ ಯಾವುದೋ ಹಳೇ ಬಂಗಲೆ ಕೆಡವಿದಾಗ ಹರಾಜಿನಲ್ಲಿ ಹಿಡಿದು ತಂದದ್ದು. ತುಕ್ಕು ಹಿಡಿಯದ ಪೈಪು ಎಂದು ಮನೆಯವರೆಲ್ಲ ಬೀಗಿದ್ದೇ ಬೀಗಿದ್ದು. ರಾತ್ರಿಯೆಲ್ಲ ಒಳಗೆ ನಿಂತ ನೀರಿಗೆ ಸೀಸ ಬಿಡುತ್ತೆ, ಕಾಯಿಸಿದರೆ ಅದು ಹೋಗುವುದಿಲ್ಲ, ಮಕ್ಕಳಿಗಂತೂ ವಿಷ ಎಂದು ಮುರಳಿಮೋಹನ್ ವಿವರಿಸಿದ. ಸೋಮವಾರ ಪೈಪು ಬದಲಾಯಿಸುವ ತನಕ ಆ ನಲ್ಲಿಯ ನೀರು ಕುಡಿಯುವುದಕ್ಕೂ ಬೇಡ, ಅಡುಗೆಗೂ ಬೇಡ ಎಂದ. ಇಷ್ಟು ವರ್ಷ ಇದನ್ನೇ ಕುಡಿದ ನಮಗೇನಾಗಿದೆ ಎಂದು ದಕ್ಷಿಣಾಮೂರ್ತಿ ವಾದಕ್ಕೆ ನಿಂತರು. ಒಂದಷ್ಟು ಹೊತ್ತು ಹರಿದ ಮೇಲಿನ ನೀರಲ್ಲಿ ಸೀಸ ಕಡಿಮೆ, ಸ್ವಾಮಿ, ಎಂದ ಅವನು.

ಕನಕಲಕ್ಷ್ಮಿ ಕೇಳಿದಳು. "ಹಂಗಾದ್ರೆ ಮೊದಲನೇ ಚೊಂಬು?"

"ಅದೇ ಅಮ್ಮಾ, ಎಲ್ಲಕ್ಕಿಂತ ಕೆಟ್ಟದ್ದು."

ಮಾಡಿದ್ದುಣ್ಣೋ ಮಹರಾಯ ಅನ್ನುತ್ತಾರೆ. ಈ ಮನೆಯಲ್ಲಿ ಮಾಡಿದವಳು ಒಬ್ಬಳು, ಉಂಡವಳು ಇನ್ನೊಬ್ಬಳು. ರಕ್ತದಲ್ಲಿ ಸೀಸ ಇನ್ನು ಮುಂದೆ ಏರದ ಹಾಗೆ ನೋಡಿಕೊಳ್ಳಬಹುದು, ಹೋದದ್ದೆಲ್ಲ ತಿರುಗಿ ಬರುತ್ತದೆಂದು ಮಾತು ಕೊಡಲಾರೆ ಎಂದಿದ್ದರಂತೆ ಡಾಕ್ಟರು. ಸೊಸೆ ಬಾಯಿ ಬಿಟ್ಟು ಬೈದಿದ್ದರೆ ಕನಕಲಕ್ಷ್ಮಿಗೆ ಎಷ್ಟೋ ಹಗುರವಾಗುತ್ತಿತ್ತು. ಶ್ರೀವಲ್ಲಿ ಸುಮ್ಮನೆ ಹೋಗಿ ಎರಡು ಕ್ಯಾನ್ ನೀರು ತರಿಸಿ ಇಟ್ಟಳು. ಈ ಸಲ ಅದನ್ನು ಯಾರೂ ಚೆಲ್ಲಲಿಲ್ಲ.

ಮಾರನೆಯ ಬೆಳಿಗ್ಗೆ ಕನಕಲಕ್ಷ್ಮಿ ಎಂದಿನಂತೆ ಮಡಿಯುಟ್ಟು ಬಂದು ನಲ್ಲಿ ತಿರುಗಿಸಿದಳು. ಮೊದಲ ಚೊಂಬು ತುಂಬಿತು. ದೇವರ ಕಡೆ ತಿರುಗಿಯೂ ನೋಡದೆ ಅದನ್ನೆತ್ತಿ ತಾನೇ ಗಟಗಟ ಕುಡಿಯತೊಡಗಿದಳು. ಅರ್ಧಕ್ಕೆ ಶ್ರೀವಲ್ಲಿ ಬಂದು ಚೊಂಬು ಕಿತ್ತುಕೊಂಡಳು.

"ನಾನು ಬೇಡ ಅಂದಿದ್ದೆ, ಅತ್ತೆ. ಈಗ ನೀವು ಕುಡಿದ್ರೆ ಅವಳಿಗೆ ಹೋಗಿದ್ದು ವಾಪಸ್ ಬರುತ್ತಾ?"

ಉಳಿದ ನೀರನ್ನು ಬಚ್ಚಲಿಗೆ ಸುರಿದಳು. ಅಷ್ಟರಲ್ಲಿ ಬಾಗಿಲ ಬಳಿ ಸದ್ದಾಯಿತು. ಎದ್ದು ಬಂದ ಮಹತಿ, ಅಜ್ಜಿ ಕಲಿಸಿದ ಹಾಗೆ ಎರಡೂ ಕೈ ಬೊಗಸೆ ಮಾಡಿಕೊಂಡು ನಿಂತಿದ್ದಳು. ಬಚ್ಚಲಲ್ಲಿ ಹರಿದು ಹೋಗುತ್ತಿದ್ದ ನೀರನ್ನೂ ಖಾಲಿ ಚೊಂಬನ್ನೂ ನೋಡಿದಳು.

"ಅದು ನಂದು ಅಲ್ವಾ ಅಜ್ಜಿ," ಎಂದು ಅಳುತ್ತಾ ಕೇಳಿದಳು. "ನಂಗ್ಯಾಕೆ ಕೊಡ್ಲಿಲ್ಲ?"